ಶಿವನಿಗೆ ಏರದ ಹೂವಿನ ಹೆಸರು

೧೯೭೦ರ ಜೂನ್ ತಿಂಗಳ ಮೊದಲನೆಯ ಸೋಮವಾರ. ನ್ಯಾಮತಿಯ ಪ್ರಾಥಮಿಕ ಶಾಲೆಯ ಮೊದಲ ಕೋಣೆಯಲ್ಲಿ ಷಣ್ಮುಖಪ್ಪ ಮೇಷ್ಟ್ರು ದಾಖಲಾತಿ ಪುಸ್ತಕವನ್ನು ಬಿಚ್ಚಿಕೊಂಡು ಕುಳಿತಿದ್ದರು. ಬೆಳಗಿನಿಂದ ಹದಿನಾಲ್ಕು ಹೆಣ್ಣುಮಕ್ಕಳ ಹೆಸರು ಬರೆದಾಗಿತ್ತು. ಅವರಲ್ಲಿ ನಾಲ್ವರು ಕಸ್ತೂರಿಯರು, ಮೂವರು ಸರ್ವಮಂಗಳೆಯರು. ಹದಿನೈದನೆಯ ಮಗುವಿನ ಕೈ ಹಿಡಿದು ಬಂದವನು ಜವಳಿ ಅಂಗಡಿಯ ಪಂಚಾಕ್ಷರಪ್ಪ. ಮಿಕ್ಕ ತಂದೆಯರು ಬಾಗಿಲಾಚೆ ಚಪ್ಪಲಿ ಬಿಟ್ಟು, ತಮ್ಮ ಸರದಿಗಾಗಿ ಕಾಯುತ್ತಿದ್ದರು. ಪಂಚಾಕ್ಷರಪ್ಪನಿಗೆ ಸರದಿ ಎಂಬುದು ಬಡವರ ಕಟ್ಟಳೆ. ಆತ ಅತ್ತರಿನ ವಾಸನೆಯನ್ನು ಮುಂದೆ ಕಳುಹಿಸಿ, ಅದರ ಹಿಂದೆ ತಾನು ಬಂದು, ಮೇಷ್ಟ್ರ ಮೇಜಿನ ಮೇಲೆ ಕೈಯೂರಿ ನಿಂತ.

“ಹೆಸರೇನಮ್ಮ?” ಎಂದು ಮೇಷ್ಟ್ರು ಮಗುವನ್ನು ಕೇಳಿದರು.

ಎರಡು ಜಡೆಯ ಆ ಕೂಸು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಅಡ್ಡ ಬಂದ. “ಬರಕೊಳ್ರಿ ಮೇಷ್ಟ್ರೆ, ಕೇತಕಿ. ಈ ಹೋಬಳಿಯಾಗೆ ಇಂಥಾ ಹೆಸರು ಇನ್ನೊಂದು ಐತಾ ಹುಡುಕ್ರಿ ನೋಡಾನ. ನಮ್ಮ ಓಣ್ಯಾಗೆ ‘ಏ ಕಸ್ತೂರಿ’ ಅಂತ ಕೂಗಿದ್ರೆ ನಾಲ್ಕು ಬಾಗಿಲು ತೆಗೀತಾವೆ. ನನ್ನ ಮಗಳನ್ನ ಕೂಗಿದ್ರೆ ನನ್ನ ಮಗಳೇ ಬರಬೇಕು.”

“ಅರ್ಥ ಗೊತ್ತೇನ್ರಿ ಪಂಚಾಕ್ಷರಪ್ಪ?”

“ದೇವಲೋಕದ ಹೂವು ಕಣ್ರಿ! ಸಂಸ್ಕೃತ!” ಸಂಸ್ಕೃತ ಎನ್ನುವ ಮಾತನ್ನು ಆತ ಗಿರಾಕಿಯ ಮುಂದೆ ಜರಿಸೀರೆ ಹರಡುವ ಹಾಗೆ ಹರಡಿದ.

ಮೇಷ್ಟ್ರ ಲೇಖನಿ ಒಂದು ಗಳಿಗೆ ನಿಂತಿತು. ಕೇತಕಿ ಎಂದರೆ ಕೇದಿಗೆ. ಹಳ್ಳದ ದಂಡೆಯಲ್ಲಿ ಗರಗಸದಂಥ ಎಲೆ ಚಾಚಿಕೊಂಡು ಬೆಳೆಯುವ, ಬುಡದಲ್ಲಿ ಹಾವಿದೆಯೆಂದು ಹುಡುಗರು ಹತ್ತಿರ ಸುಳಿಯದ ಅದೇ ಕೇದಿಗೆ. ಬೆಳಗೆದ್ದು ಲಿಂಗಪೂಜೆ ಮಾಡುವ ಆ ಸೀಮೆಯ ಮನೆಗಳಲ್ಲಿ ಕೇದಿಗೆ ಶಿವನಿಗೆ ಏರುವುದಿಲ್ಲ. ಹಿಂದೆ ಶಿವನು ಬೆಳಕಿನ ಕಂಬವಾಗಿ ನಿಂತಾಗ ಬ್ರಹ್ಮನು ಅದರ ತುದಿ ಕಾಣಲಾರದೆ, ಕಂಡೆನೆಂದು ಸುಳ್ಳು ಹೇಳಿದನಂತೆ. ಹೌದು, ನಾನೂ ನೋಡಿದೆ ಎಂದು ಸಾಕ್ಷಿ ನುಡಿದದ್ದು ಕೇದಿಗೆ. ನನ್ನ ಪೂಜೆಗೆ ನೀನು ಸಲ್ಲಬೇಡ ಎಂದು ಶಿವ ಶಪಿಸಿದನಂತೆ. ಅಂದಿನಿಂದ ಅದು ಹೆಂಗಸರ ಮುಡಿಗೆ ಸೈ, ಶಿವನ ಗುಡಿಗೆ ಸಲ್ಲದು. ಇಷ್ಟು ಕಥೆ ಪಂಚಾಕ್ಷರಪ್ಪನಿಗೂ ಗೊತ್ತಿತ್ತು. ಗೊತ್ತಿರದೆ ಇದ್ದದ್ದು, ತಾನು ಸಂಸ್ಕೃತವೆಂದು ಹೊತ್ತು ತಂದದ್ದೂ ಅದೇ ಹೂವು ಎಂಬುದು.

ಮಗುವಿನ ಮುಂದೆ ಆಡುವ ಮಾತಲ್ಲವೆಂದು ಮೇಷ್ಟ್ರು ಸುಮ್ಮನೆ ಹೆಸರು ಬರೆದುಕೊಂಡರು. ಆ ದಿನ ಬಾಯಿ ಬಿಡದೆ ಹೋದುದಕ್ಕೆ ಆಮೇಲೆ ಎಷ್ಟೋ ಸಲ ತಮ್ಮನ್ನು ತಾವೇ ಬೈದುಕೊಂಡರು.

ದೇವಲೋಕದ ಆ ಹೆಸರು ಎಲ್ಲಿಂದ ಇಳಿದು ಬಂತು ಎಂಬುದನ್ನು ಹೇಳಿದವಳು ಪಂಚಾಕ್ಷರಪ್ಪನ ತಾಯಿ ಅಜ್ಜಮ್ಮ. ಮೇಷ್ಟ್ರು ದೀಪಾವಳಿಗೆ ಪಂಚೆ ಕೊಳ್ಳಲು ಹೋದಾಗ ಮುದುಕಿ ಅಂಗಡಿಯ ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದಳು.

“ನಮ್ಮತ್ತೆ ಹೆಸರು ಸಿದ್ದಲಿಂಗಮ್ಮ ಅಂತ ಇಡೋ ಅಂದೆ ಮೇಷ್ಟ್ರೆ. ಹಳೇದು ಅಂದ. ದಾವಣಗೆರೆಗೆ ಜವಳಿ ತರಾಕೆ ಹೋದೋನು ಒಂದು ಅತ್ತರು ಸೀಸೆ ತಂದ. ಅದರ ಮ್ಯಾಲಿನ ಚೀಟಿ ಓದಿ ಮಗಳಿಗೆ ಹೆಸರಿಟ್ಟ. ಪುಣ್ಯಕ್ಕೆ ಆವತ್ತು ಸೀಗೆಪುಡಿ ತರಾಕೆ ಹೋಗಿರಲಿಲ್ಲ.”

“ಸುಮ್ಕಿರವ್ವ” ಎಂದು ಒಳಗಿನಿಂದ ಮಗ ಗದರಿದ. ಗದರುತ್ತಲೇ ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಕೇದಿಗೆಯ ಎಸಳುಗಳನ್ನು ಸೇರಿಸುತ್ತಿದ್ದ. ಸೀರೆ ಘಮಘಮಿಸಲಿ, ಹುಳು ಬೀಳದಿರಲಿ ಎಂದು ಹಾಗೆ ಮಾಡುವುದು ಆ ಅಂಗಡಿಯ ಪದ್ಧತಿ. ಹಗಲೆಲ್ಲ ಕೇದಿಗೆಯನ್ನು ಮೂಸಿ, ಸಂಜೆ ಕೇತಕಿಯನ್ನು ಎತ್ತಿ ಆಡಿಸುವವನಿಗೆ ಎರಡೂ ಒಂದೇ ಎಂದು ಹೊಳೆಯಲಿಲ್ಲ. ಮೂಗಿನ ಕೆಳಗಿನದು ಕಾಣಬೇಕಾದರೆ ಮೂಗು ಅಷ್ಟು ಮೇಲಿರಬಾರದು.

ಹುಡುಗಿ ಅಪ್ಪನಂತಾಗಲಿಲ್ಲ, ಅದು ಅವಳ ಪುಣ್ಯ. ಮಗ್ಗಿ ತಪ್ಪಿದರೆ ತಪ್ಪಿತೆನ್ನುವಳು; ಬಳಪ ಮುರಿದದ್ದು ತಾನಾದರೆ ನಾನೇ ಮುರಿದೆ ಎನ್ನುವಳು. ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ದಿನ, ಶಾಲೆ ಬಿಟ್ಟ ಮೇಲೂ ಬಾಗಿಲ ಬಳಿ ನಿಂತು ಕೇಳಿದಳು.

“ಸಾ, ನನ್ನ ಹೆಸರಿನ ಹೂವು ಎಲ್ಲೈತೆ? ಎಲ್ಲಾರ ಹೂವೂ ಕಾಣ್ತಾವೆ. ನಂದು ಮಾತ್ರ ದೇವಲೋಕದಾಗೆ ಐತಂತೆ.”

ಮೇಷ್ಟ್ರಿಗೆ ಈ ಸಲ ಸುಮ್ಮನಿರುವುದು ಸರಿಯೆನಿಸಲಿಲ್ಲ. ಮುಂದಿನ ಶನಿವಾರ ಹೊನ್ನಾಳಿಗೆ ಹೋದವರು ಬಸ್ ನಿಲ್ದಾಣದಲ್ಲಿ ಹೂ ಮಾರುವ ತಿಪ್ಪಮ್ಮನಿಂದ ಒಂದು ಕೇದಿಗೆ ಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರು. ಸೋಮವಾರ ಅದನ್ನು ಅವಳ ಕೈಗಿಟ್ಟು, ಹಳ್ಳದ ದಂಡೆ, ಮುಳ್ಳು, ಹಾವಿನ ಮಾತು, ಶಿವನ ಶಾಪ, ಯಾವುದನ್ನೂ ಮುಚ್ಚಿಡದೆ ಹೇಳಿದರು. ಹುಡುಗಿ ಹೂವನ್ನು ಮೂಗಿಗೆ ಹಿಡಿದುಕೊಂಡೇ ಎಲ್ಲವನ್ನೂ ಕೇಳಿದಳು.

“ಸುಳ್ಳು ಹೇಳು ಅಂದಿದ್ದು ಬ್ರಹ್ಮ ಅಲ್ವಾ ಸಾ?”

“ಹೌದಮ್ಮ. ಅವನಿಗೂ ಪೂಜೆಯಿಲ್ಲ.”

“ಅವನು ದೊಡ್ಡೋನು, ಅವನು ಹೇಳು ಅಂದ. ಆದ್ರೂ ಇದು ಹೇಳಬಾರದಾಗಿತ್ತು ಬಿಡ್ರಿ” ಎಂದು ತೀರ್ಪು ಕೊಟ್ಟು, ಹೂವನ್ನು ಪುಸ್ತಕದ ಚೀಲದೊಳಗಿಟ್ಟುಕೊಂಡು ಮನೆಗೆ ಹೋದಳು.

ಮನೆಯಲ್ಲಿ ಪಂಚಾಕ್ಷರಪ್ಪ ಆ ಹೂವನ್ನು ಕಿತ್ತುಕೊಂಡು ಬೀದಿಗೆ ಎಸೆದನಂತೆ. ಮರುದಿನ ಶಾಲೆಗೆ ಬಂದು, “ಕೇದಿಗೆ ಬ್ಯಾರೆ, ಕೇತಕಿ ಬ್ಯಾರೆ ಮೇಷ್ಟ್ರೆ. ಅದು ನಾಡಮಾತು, ಇದು ಸಂಸ್ಕೃತ. ನಿಮಗೆ ತಿಳೀದಿದ್ರೆ ಮಕ್ಕಳ ತಲೆ ಕೆಡಿಸಬ್ಯಾಡ್ರಿ” ಎಂದು ಪಾಠ ಹೇಳಿ ಹೋದ. ತಾನು ಮಾಡಿದ ತಪ್ಪು ಕಣ್ಣೆದುರು ಬಂದು ನಿಂತಾಗ ತಪ್ಪನ್ನೇ ಗದರಿಸಿ ಕಳುಹಿಸುವುದು ಕೆಲವರ ಜಾಣತನ.

ಹುಡುಗಿ ೧೯೮೦ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದಳು. ಮುಂದೆ ಓದಿಸಲು ಅಪ್ಪ ಒಪ್ಪಲಿಲ್ಲ. ಹೆಣ್ಣು ನೋಡಲು ಬರುವವರು ಶುರುವಾದರು. ಮೊದಲು ಚನ್ನಗಿರಿಯವರು ಬಂದರು. ಹುಡುಗಿಯ ಬಣ್ಣ ನೋಡಿದರು, ನಡೆಸಿ ನೋಡಿದರು, ಉಪ್ಪಿಟ್ಟನ್ನು ಎರಡೆರಡು ಸಲ ಹಾಕಿಸಿಕೊಂಡು ನೋಡಿದರು. ಎಲ್ಲವೂ ಒಪ್ಪಿತವಾಗಿ ಎದ್ದು ನಿಂತ ಮೇಲೆ ಒಬ್ಬ ಮುದುಕರು ಹೆಸರು ಕೇಳಿದರು. ಕೇಳಿದವರೇ, “ಶಿವ ಶಿವಾ, ಕೇದಿಗೆ ಹೂವಿನ ಹೆಸರನ್ನ ಲಿಂಗ ಕಟ್ಟೋ ಮನೆಯಾಗೆ ಯಾರಾನ ಇಡ್ತಾರೇನ್ರಿ?” ಎಂದು ಚಪ್ಪಲಿ ಮೆಟ್ಟಿದರು. ಹೊನ್ನಾಳಿಯವರದೂ ಅದೇ ಕಥೆ. ಅವರು ಉಪ್ಪಿಟ್ಟಿನ ಜೊತೆಗೆ ಕೇಸರಿಬಾತನ್ನೂ ಮುಗಿಸಿ ಹೋದದ್ದೊಂದೇ ವ್ಯತ್ಯಾಸ. ಇಂಥವರ ಭಕ್ತಿ ಹೊಟ್ಟೆ ತುಂಬಿದ ಮೇಲೆಯೇ ಎಚ್ಚರಗೊಳ್ಳುವುದು.

ಊರವರ ಬಾಯಿಗೆ ಇಷ್ಟು ಸಾಕಾಯಿತು. ನೀರಿನ ಕೊಳಾಯಿಯ ಹತ್ತಿರ, “ದೇವಲೋಕದ ಹೂವಿಗೆ ಭೂಲೋಕದಾಗೆ ಗಂಡು ಸಿಗವಲ್ದಂತಲ್ಲೇ” ಎಂದು ನಗುವವರು ನಕ್ಕರು. ಹುಡುಗಿಯ ತಾಯಿ ಕಸ್ತೂರಮ್ಮ ಕೊಡ ಅರ್ಧ ತುಂಬಿದರೂ ಸಾಕೆಂದು ಎತ್ತಿಕೊಂಡು ಬರುತ್ತಿದ್ದಳು. ಪಂಚಾಕ್ಷರಪ್ಪ ಮಾತ್ರ ತನ್ನ ಅತ್ತರು ಸೀಸೆಯನ್ನು ಬೈಯಲಿಲ್ಲ. ಮಗಳಿಗೆ ಹೆಸರಿನ ಅರ್ಥ ಹೇಳಿಕೊಟ್ಟ ಮೇಷ್ಟ್ರನ್ನು ಬೈದ.

೧೯೮೩ರ ಮಾಘದಲ್ಲಿ ಕೆರೆಬಿಳಚಿಯ ಮಹೇಶ್ವರಪ್ಪನವರ ಮನೆಯಿಂದ ಸಂಬಂಧ ಬಂತು. ಅಡಿಕೆ ವ್ಯಾಪಾರದ ದೊಡ್ಡ ಕುಳ. ಅವರ ಹೆಂಡತಿ ಸರ್ವಮಂಗಳಮ್ಮ ಬಹಳ ವ್ಯವಹಾರಸ್ಥೆ. ಹುಡುಗಿ ಬೇಕು, ಹೆಸರು ಬೇಡ ಎಂದು ಸೀರೆಯ ಅಂಚು ಕತ್ತರಿಸುವ ಹಾಗೆ ಕತ್ತರಿಸಿ ಹೇಳಿದಳು. “ಶಾಂತಾದೇವಿ ಅಂತ ಮಾಡಿಬಿಡ್ರಿ. ಯಾರಿಗೂ ಏನೂ ಗೊತ್ತಾಗಾದು ಬ್ಯಾಡ.”

ಸೊಸೆಯ ಹೆಸರು ಬದಲಿಸುವುದು ಆ ಕಡೆ ಹೊಸದೇನಲ್ಲ. ಆದರೆ ಇಲ್ಲೊಂದು ಗಂಟಿತ್ತು. ಮಹೇಶ್ವರಪ್ಪನವರ ಮನೆತನದಲ್ಲಿ ವೀಳ್ಯಶಾಸ್ತ್ರದ ದಿನ ಹುಡುಗಿಯೇ ವಿಭೂತಿಯ ತಟ್ಟೆಯ ಮೇಲೆ ಕೈಯಿಟ್ಟು, ಹುಟ್ಟಿದ ಹೆಸರನ್ನೂ ಅಪ್ಪನ ಹೆಸರನ್ನೂ ಕುಲದ ಅಯ್ಯನವರಿಗೆ ಹೇಳಬೇಕು. ಅಪ್ಪ ಹೇಳಿದರೆ ಸಲ್ಲದು, ಅಣ್ಣ ಹೇಳಿದರೆ ಸಲ್ಲದು. ಅದನ್ನು ಕೇಳಿಯೇ ಅಯ್ಯನವರು ವೀಳ್ಯ ಬದಲಿಸುವುದು. ಹುಟ್ಟಿದ ಹೆಸರು ಕೇದಿಗೆಯದೆಂದರೆ ಅಯ್ಯನವರು ತಟ್ಟೆ ಮುಟ್ಟುವುದಿಲ್ಲ. ಆದುದರಿಂದ ಹುಡುಗಿ ವಿಭೂತಿ ಮುಟ್ಟಿ, ಹುಟ್ಟಿದಂದಿನಿಂದ ನಾನು ಶಾಂತಾದೇವಿ ಎನ್ನಬೇಕು. ಇಷ್ಟೇ.

ಪಂಚಾಕ್ಷರಪ್ಪ ಎಂಟು ಹತ್ತು ವರ್ಷಗಳ ಮೇಲೆ ಮತ್ತೆ ಶಾಲೆಯ ಮೆಟ್ಟಿಲು ಹತ್ತಿದ. ಈ ಸಲ ಮೇಜಿನ ಮೇಲೆ ಕೈಯೂರಲಿಲ್ಲ.

“ದಾಖಲಾತಿ ಪುಸ್ತಕದಾಗೆ ಒಂದು ಗೀಟು ಹೊಡೆದು ಶಾಂತಾದೇವಿ ಅಂತ ಬರೀರಿ ಮೇಷ್ಟ್ರೆ. ನಾಳೆ ಯಾರಾನ ಕೆರೆಬಿಳಚಿಯಿಂದ ವಿಚಾರಿಸಾಕೆ ಬಂದ್ರೆ ಕಷ್ಟ ಆಗ್ತೈತೆ.”

“ಅದು ಸರ್ಕಾರದ ಪುಸ್ತಕ, ಪಂಚಾಕ್ಷರಪ್ಪ. ನಿಮ್ಮ ಅಂಗಡಿಯ ಸೀರೆಯಲ್ಲ, ಬೇಡವಾದರೆ ಬದಲಿಸಿ ಕೊಡುವುದಕ್ಕೆ.”

“ಒಂದು ಹೆಣ್ಣಿನ ಬಾಳು ರೀ!”

“ಆ ಹೆಣ್ಣನ್ನು ಕೇಳಿದಿರಾ?”

“ಅದನ್ನೇನು ಕೇಳಾದು? ಹೇಳಿಕೊಟ್ಟಿದೀನಿ, ಹೇಳ್ತಾಳೆ. ಗೀಟು ಹೊಡೀದಿದ್ರೆ ಬ್ಯಾಡ ಬಿಡ್ರಿ. ಗುರುವಾರ ವೀಳ್ಯಶಾಸ್ತ್ರ, ಬಂದು ಕುತ್ಕೊಂಡು ಹೋಗ್ರಿ. ಓದಿಸಿದ ಮೇಷ್ಟ್ರೇ ಸುಮ್ಕೆ ಕುಂತಿದ್ರೆ ಅವರಿಗೂ ನಂಬಿಕೆ ಬರ್ತೈತೆ.”

ಮೇಷ್ಟ್ರ ಕೈ ಬೇಡ, ಮೌನ ಸಾಕು ಎಂದು ಲೆಕ್ಕ ಹಾಕಿ ಬಂದಿದ್ದ ಮಹಾನುಭಾವ. ಹೋಗಬಾರದೆಂದೇ ಮೇಷ್ಟ್ರು ನಿಶ್ಚಯಿಸಿದರು. ಆದರೆ ಬುಧವಾರ ಸಂಜೆ ಅಜ್ಜಮ್ಮ ಕೋಲೂರಿಕೊಂಡು ಅವರ ಮನೆಗೆ ಬಂದಳು. “ಮೂರು ದಿನ ಆತು, ಕೂಸು ಅನ್ನ ನೆಟ್ಟಗೆ ಉಣ್ಣವಲ್ದು. ಅಪ್ಪ ಕೇಳಿದ್ರೆ ಹೂಂ ಅಂತಾಳೆ, ನಾನು ಕೇಳಿದ್ರೆ ಮಾತೇ ಇಲ್ಲ. ನೀವಿದ್ರೆ ಅದಕ್ಕೊಂದು ಧೈರ್ಯ ಕಣ್ರಿ” ಎಂದಳು. ಮೇಷ್ಟ್ರು ಹೋದರು.

ನಡುಮನೆಯಲ್ಲಿ ಜಮಖಾನ ಹಾಸಿತ್ತು. ಕೆರೆಬಿಳಚಿಯಿಂದ ಒಂದು ವ್ಯಾನಿನ ತುಂಬ ಜನ ಬಂದಿದ್ದರು. ಮದುವೆಯ ಗಂಡು, ಅವನಿಗೊಂದು ಹೆಸರಿದ್ದಿರಬೇಕು, ಯಾರೂ ಕೇಳಲಿಲ್ಲ, ತಟ್ಟೆಯಲ್ಲಿದ್ದ ರವೆ ಉಂಡೆಯನ್ನು ಧ್ಯಾನಿಸುತ್ತ ಕುಳಿತಿದ್ದ. ಅಯ್ಯನವರು ವೃದ್ಧರು, ಕಣ್ಣು ಮಂದ, ಹಸಿವು ಚುರುಕು. ಕೇತಕಿಯನ್ನು ಕರೆತಂದು ಮಣೆಯ ಮೇಲೆ ಕೂರಿಸಿದರು. ಅಪ್ಪನ ಅಂಗಡಿಯಲ್ಲಿಯೇ ಅತಿ ಹೆಚ್ಚು ಬೆಲೆಯ ಸೀರೆಯನ್ನು ಉಡಿಸಿದ್ದರು. ಅವಳು ಒಮ್ಮೆ ತಲೆಯೆತ್ತಿ ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಹೌದೆಂದೂ ಅಲ್ಲವೆಂದೂ ಮುಖದಲ್ಲಿ ತೋರಲಿಲ್ಲ. ತೋರಿದರೆ ತಾವೂ ಪಂಚಾಕ್ಷರಪ್ಪನ ಹಾಗೆ ಹೇಳಿಕೊಟ್ಟಂತಾಗುವುದೆಂದು ಅವರಿಗೆ ಅಂಜಿಕೆ.

“ಕೈಯಿಟ್ಟು ಹೇಳವ್ವ. ಹುಟ್ಟಿದ ಹೆಸರೇನು, ಯಾರ ಮಗಳು?” ಎಂದರು ಅಯ್ಯನವರು.

ಹುಡುಗಿ ವಿಭೂತಿಯ ಮೇಲೆ ಅಂಗೈಯಿಟ್ಟಳು. ಪಂಚಾಕ್ಷರಪ್ಪ ಕೆಮ್ಮಿದ. ಸರ್ವಮಂಗಳಮ್ಮ, “ನಾಚಿಕೆ ಹುಡುಗೀಗೆ” ಎಂದು ನಕ್ಕಳು.

“ಪಂಚಾಕ್ಷರಪ್ಪನ ಮಗಳು ರೀ ಅಜ್ಜಾರೆ. ಹೆಸರು ಕೇತಕಿ.”

ಅಯ್ಯನವರಿಗೆ ಕಿವಿ ಸರಿಯಾಗಿಯೇ ಕೇಳಿಸುತ್ತಿತ್ತು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಪಂಚಾಕ್ಷರಪ್ಪ, “ಏ ಹುಚ್ಚಿ!” ಎಂದು ಅರ್ಧ ಎದ್ದ.

ಹುಡುಗಿ ಅಂಗೈ ತೆಗೆಯಲಿಲ್ಲ. “ಶಾಂತಾದೇವಿ ಅನ್ನು ಅಂತ ನಮ್ಮಪ್ಪ ಹೇಳಿಕೊಟ್ಟಿದ್ರು. ಮದುವೆ ಆದಮ್ಯಾಲೆ ಶಾಂತಾದೇವಿ ಅಂತ ಕರೀರಿ, ಓ ಅಂತೀನಿ. ಹುಟ್ಟಿದಾಗಿಂದ ಅದೇ ಅಂತ ವಿಭೂತಿ ಮುಟ್ಟಿ ಹೇಳಾಕೆ ನನ್ನ ಕೈಲಿ ಆಗಲ್ಲ ರೀ.”

“ನೋಡ್ರಿ! ಕೇದಿಗೆ ಅಂದಮ್ಯಾಲೆ ಮುಳ್ಳು ಇಲ್ದೆ ಇರ್ತೈತಾ?” ಎಂದಳು ಸರ್ವಮಂಗಳಮ್ಮ.

“ಅತ್ತೇರೆ, ಆ ಹೂವು ಎಂದೋ ಒಂದು ಸಲ ಸುಳ್ಳು ಸಾಕ್ಷಿ ಹೇಳ್ತು ಅಂತ ಇವತ್ತಿಗೂ ನೀವು ಅದನ್ನ ಶಿವನ ಹತ್ರ ಬಿಟ್ಕೊಳ್ಳಲ್ಲ. ಅದರ ಹೆಸರು ಇಟ್ಕೊಂಡಿದ್ದಕ್ಕೆ ನಾನು ಬ್ಯಾಡ ಅಂತೀರಿ. ಮತ್ತೆ ನನ್ನ ಕೈಲೂ ಅದನ್ನೇ ಹೇಳಸ್ತೀರಲ್ರೀ? ಸುಳ್ಳು ಹೇಳಿದ್ರೆ ಸೊಸೆ ಆಗಬೌದು, ನಿಜ ಹೇಳಿದ್ರೆ ಆಗಬಾರದು, ಹಂಗಾ?”

ಮಹೇಶ್ವರಪ್ಪ ಅಯ್ಯನವರ ಮುಖ ನೋಡಿದ. ಅಯ್ಯನವರು ಮಾಡಿನ ಕಡೆ ನೋಡಿದರು. ಆಮೇಲೆ ಗಂಟಲು ಸರಿಪಡಿಸಿಕೊಂಡು ತೀರ್ಮಾನ ಕೊಟ್ಟರು. “ಹುಡುಗಿ ಮಾತು ಒಳ್ಳೇದೈತೆ. ಹೆಸರು ಕೆಟ್ಟದ್ದೈತೆ. ಶಾಸ್ತ್ರಕ್ಕೆ ಹೆಸರು ಮುಖ್ಯ.” ಇಷ್ಟು ಹೇಳಿ, “ಊಟಕ್ಕೆ ಹೊತ್ತಾಗಲಿಲ್ವಾ?” ಎಂದು ಕೇಳಿದರು.

ಊಟವಾಗಲಿಲ್ಲ. ಸರ್ವಮಂಗಳಮ್ಮ ಸೆರಗು ಸುತ್ತಿಕೊಂಡು ಎದ್ದಳು, ಅವಳ ಹಿಂದೆ ವ್ಯಾನಿನ ತುಂಬ ಜನ ಎದ್ದರು. ಮದುವೆಯ ಗಂಡು ಹೋಗುತ್ತ ಉಂಡೆಯನ್ನು ಜೇಬಿಗಿಳಿಸಿದ. ಪಂಚಾಕ್ಷರಪ್ಪ ಮಗಳನ್ನು ಹೊಡೆಯಲು ಕೈಯೆತ್ತಿದಾಗ ಅಡ್ಡ ಬಂದದ್ದು ಅಜ್ಜಮ್ಮನ ಕೋಲು.

“ಮುಟ್ಟಿ ನೋಡು! ಸೀಸೆ ಚೀಟಿ ಓದಿ ಹೆಸರಿಟ್ಟಾಗ ನಿನ್ನ ಬುದ್ಧಿ ಎಲ್ಲಿ ಮೇಯಾಕೆ ಹೋಗಿತ್ತು? ತಪ್ಪು ಮಾಡಿದೋನು ನೀನು, ಸುಳ್ಳು ಹೇಳಬೇಕಾದೋಳು ಅವಳಾ?”

ಮೇಷ್ಟ್ರು ಹುಡುಗಿಯ ಹತ್ತಿರ ಹೋಗಿ ಏನೋ ಹೇಳಬೇಕೆಂದುಕೊಂಡರು. ಅಷ್ಟರಲ್ಲಿ ಅವಳೇ, “ಕೈ ತೊಳ್ಕೊಂಡು ಬರ್ತೀನಿ ಸಾ, ಊಟ ಮಾಡ್ಕೊಂಡು ಹೋಗ್ರಿ. ಹೋಳಿಗೆ ಐವತ್ತು ಜನಕ್ಕೆ ಮಾಡಿದೀವಿ” ಎಂದಳು. ಮೂರು ದಿನ ನೆಟ್ಟಗೆ ಉಣ್ಣದ ಅವಳೂ ಅಂದು ಹೊಟ್ಟೆ ತುಂಬ ಉಂಡಳೆಂದು ಅಜ್ಜಮ್ಮ ಆಮೇಲೆ ಹೇಳಿದಳು.

ಮಹೇಶ್ವರಪ್ಪನವರ ಮನೆಗೆ ಮರುವರ್ಷ ಚಂಪಾವತಿ ಎಂಬ ಸೊಸೆ ಬಂದಳು. ಅವಳೂ ವಿಭೂತಿ ಮುಟ್ಟಿ ಹೆಸರು ಹೇಳಿದಳು, ಅಯ್ಯನವರು ಸಂತೋಷದಿಂದ ವೀಳ್ಯ ಬದಲಿಸಿದರು. ಚಂಪಾ ಎಂದರೆ ಸಂಪಿಗೆ; ಅದೂ ಶಿವನಿಗೆ ಸಲ್ಲದೆಂದು ಹೇಳುವ ಹಿರಿಯರಿದ್ದಾರೆ. ಅದಕ್ಕೂ ಒಂದು ಸುಳ್ಳಿನ ಕಥೆ, ಒಂದು ಶಾಪ ಉಂಟು. ಕೆರೆಬಿಳಚಿಯಲ್ಲಿ ಅದು ಯಾರಿಗೂ ಹೊಳೆಯಲಿಲ್ಲ. ಷಣ್ಮುಖಪ್ಪ ಮೇಷ್ಟ್ರಿಗೆ ಹೊಳೆಯಿತು. ಆ ಹುಡುಗಿಯ ಪಾಡಿಗೆ ಆ ಹುಡುಗಿ ಸುಖವಾಗಿರಲಿ ಎಂದು ಅವರು ಬಾಯಿ ಮುಚ್ಚಿಕೊಂಡರು, ಈ ಸಲ ತಮ್ಮನ್ನು ಬೈದುಕೊಳ್ಳಲಿಲ್ಲ.

ನ್ಯಾಮತಿಯಲ್ಲಿ ಪಂಚಾಕ್ಷರಪ್ಪ ಆರು ತಿಂಗಳು ಮಗಳ ಜೊತೆ ಮಾತು ಬಿಟ್ಟ. ಒಂದು ವಿಧದಲ್ಲಿ ಅದು ಅವನು ಮಗಳಿಗೆ ಮಾಡಿದ ಮೊದಲ ಉಪಕಾರ. ಬೇಡವೆನ್ನಬೇಕಾದರೂ ಮಾತಾಡಬೇಕಲ್ಲ! ಆ ಮೌನದ ನಡುವೆ ಕೇತಕಿ ಶಿವಮೊಗ್ಗದಲ್ಲಿ ದಾದಿಯರ ತರಬೇತಿಗೆ ಅರ್ಜಿ ಹಾಕಿದಳು. ಬೇಕಾದ ಕಾಗದಗಳಿಗೆ ಮೇಷ್ಟ್ರು ಓಡಾಡಿದರು. ಅಜ್ಜಮ್ಮ ತನ್ನ ಕಿವಿಯ ಬೆಂಡೋಲೆಗಳನ್ನು ಬಿಚ್ಚಿಕೊಟ್ಟಳು. ಎರಡು ವರ್ಷಗಳಲ್ಲಿ ತರಬೇತಿ ಮುಗಿಯಿತು. ಕೆಲಸ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯ ಉಪಕೇಂದ್ರದಲ್ಲಿ ಸಿಕ್ಕಿತು. ಹಸುರಿನಲ್ಲಿ ಬೆಳೆದ ಹುಡುಗಿ ಶೇಂಗಾ ಹೊಲ, ಕುರಿಹಟ್ಟಿ, ಜಾಲಿಮರಗಳ ನಡುವೆ ಹೋಗಿ ಇಳಿದಳು.

ಸರ್ಕಾರದ ಸಂಬಳ ಶುರುವಾಯಿತು ನೋಡಿ, ಶಿವನ ಶಾಪ ಎಲ್ಲಿ ಹೋಯಿತೋ! ಚನ್ನಗಿರಿಯಿಂದ ಒಬ್ಬರು, ಹೊನ್ನಾಳಿಯಿಂದ ಇಬ್ಬರು ಪಂಚಾಕ್ಷರಪ್ಪನ ಅಂಗಡಿಗೆ ಬಂದು ಪಂಚೆ ಕೊಳ್ಳುವ ನೆಪದಲ್ಲಿ ಮಗಳ ವಿಚಾರವೆತ್ತಿದರು. “ಹೆಸರಿನಾಗೆ ಏನೈತೆ ಬಿಡ್ರಿ, ಅವೆಲ್ಲ ಹಳೇ ಕಾಲದ ಮಾತು” ಎಂದು ಅವರೇ ಹೇಳಿದರು. ಪಂಚಾಕ್ಷರಪ್ಪನೂ ಬದಲಾದ. ಗಿರಾಕಿಗಳ ಮುಂದೆ, “ನೋಡ್ರಿ, ಈ ಹೋಬಳಿಯಾಗೆ ಅಂಥಾ ಹೆಸರು ಇನ್ನೊಂದಿಲ್ಲ, ನಾನೇ ಇಟ್ಟಿದ್ದು” ಎಂದು ಮತ್ತೆ ಆರಂಭಿಸಿದ. ಬಂದವರ ವಿಷಯವನ್ನು ಮಗಳಿಗೆ ಕಾಗದ ಬರೆದು ತಿಳಿಸಿದ. ಮೂರು ಸಾಲಿನ ಉತ್ತರ ಬಂತು. ಬರುವವರು ತನ್ನ ಹತ್ತಿರವೇ ಬರಲಿ, ಆದಿತ್ಯವಾರ ಬಿಡುವಿರುತ್ತದೆ, ಉಪ್ಪಿಟ್ಟು ಮಾಡುವುದಿಲ್ಲ. ಇನ್ನೂ ಯಾರೂ ಜಗಳೂರಿನ ಬಸ್ ಹತ್ತಿಲ್ಲ.

ನಿವೃತ್ತರಾದ ಮೇಲೆ ಮೇಷ್ಟ್ರು ಒಮ್ಮೆ ಕೇತಕಿಯಿದ್ದ ಹಳ್ಳಿಗೆ ಹೋಗಿ ಬಂದರು. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ, ಎಲ್ಲರಿಗೂ ನರ್ಸಮ್ಮ. ಇಪ್ಪತ್ತೈದು ತುಂಬಿದೆ, ಬಿಸಿಲಿಗೆ ಮೈ ಕಪ್ಪಾಗಿದೆ, ದನಿ ಗಟ್ಟಿಯಾಗಿದೆ. ಸುತ್ತಲಿನ ಐದು ಹಳ್ಳಿಗಳ ಹೆರಿಗೆ ಅವಳ ಪಾಲಿನದು. ಗುರುವಾರ ಗುರುವಾರ ಮಕ್ಕಳಿಗೆ ಸೂಜಿಮದ್ದು, ಪೋಲಿಯೋ ಹನಿ. ಐಸು ತುಂಬಿದ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಹಟ್ಟಿಯಿಂದ ಹಟ್ಟಿಗೆ ನಡೆಯುತ್ತಾಳೆ. ಮೇಷ್ಟ್ರು ಹೋದ ದಿನವೂ ಗುರುವಾರವೇ. ಗಿಡ್ಡಪ್ಪ ಎಂಬ ರೈತ ಎರಡು ತಿಂಗಳ ಮಗಳನ್ನು ಒಳಗಿಟ್ಟು, ಮಗು ಊರಲ್ಲಿಲ್ಲ, ಅಜ್ಜಿಯ ಮನೆಗೆ ಹೋಗಿದೆಯೆಂದು ಕದ ಹಾಕಿಕೊಂಡಿದ್ದ. ಒಳಗಿನಿಂದ ಮಗು ಅಳುತ್ತಿತ್ತು.

“ಗಿಡ್ಡಪ್ಪಣ್ಣ, ಅಜ್ಜಿ ಮನೆ ಇಷ್ಟು ಹತ್ರ ಐತಾ? ಗಂಡುಮಗ ಹುಟ್ಟಿದಾಗ ಮದ್ದು ಹಾಕ್ಸಾಕೆ ನೀನೇ ಎತ್ಕೊಂಡು ಓಡಿ ಬಂದಿದ್ದೆ. ಇದಕ್ಕೂ ಕೈಕಾಲು ನೆಟ್ಟಗೆ ಬೇಕು ಕಣಣ್ಣ, ಕದ ತೆಗಿ” ಎಂದು ಅವಳು ಕೂಗಿದಳು. ಕದ ತೆರೆಯಲಿಲ್ಲ. ಅವಳು ಪೆಟ್ಟಿಗೆಯನ್ನು ನೆರಳಿಗೆ ಸರಿಸಿ, ಮೇಷ್ಟ್ರಿಗೂ ಜಾಗ ಮಾಡಿಕೊಟ್ಟು, ಗಿಡ್ಡಪ್ಪನ ಜಗಲಿಯ ಮೇಲೆ ಕುಳಿತಳು. ಕದ ತೆರೆಯುವವರೆಗೆ ಏಳುವ ಲಕ್ಷಣವೇನೂ ಅವಳಲ್ಲಿ ಕಾಣಿಸಲಿಲ್ಲ.